ಲಾಟೀನಿನ ಚರ್ಚಿನಲ್ಲಿ ಒಂದು ಭಾನುವಾರ

ನಾವು ಹೋಗಿದ್ದು ಲಾಟೀನು ನೋಡಲಿಕ್ಕೆ, ಪ್ರಾರ್ಥನೆಗೆ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅಮೆರಿಕದ ಬಾಸ್ಟನ್ ನಗರಕ್ಕೆ ಅಂಟಿಕೊಂಡಂತೆ ಮಾಲ್ಡನ್ ಎಂಬ ಊರಿದೆ. ನನ್ನ ಮಗಳ ಮನೆ ಅಲ್ಲಿ. ಎರಡನೆಯ ಮೊಮ್ಮಗು ಹುಟ್ಟಿದ್ದರಿಂದ ನಾವು ಗಂಡ ಹೆಂಡತಿ ಆಗಸ್ಟ್‌ನಲ್ಲಿ ಹೋದೆವು. ಬಾಣಂತನ ನನ್ನ ಹೆಂಡತಿಯ ಇಲಾಖೆ. ನನಗೆ ವಹಿಸಿದ ಕೆಲಸ ಎಂಟು ವರ್ಷದ ಮೊಮ್ಮಗಳನ್ನು ಮನೆಯಿಂದ ಆದಷ್ಟು ಹೊತ್ತು ಹೊರಗೆ ಇಟ್ಟುಕೊಳ್ಳುವುದು. ಯಾರು ಯಾರನ್ನು ಕರೆದುಕೊಂಡು ತಿರುಗಿದರು ಎಂಬುದು ಬೇರೆ ಮಾತು. ರೈಲಿನ ಕಾರ್ಡನ್ನು ಯಂತ್ರಕ್ಕೆ ತಾಗಿಸುವುದರಿಂದ ಹಿಡಿದು ರಸ್ತೆ ದಾಟಲು ಕಂಬದ ಗುಂಡಿ ಒತ್ತುವವರೆಗೆ ಎಲ್ಲ ಅವಳೇ ನನಗೆ ಕಲಿಸಿದಳು.

ಅವಳ ಶಾಲೆಯಲ್ಲಿ ಆಗ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠ ನಡೆಯುತ್ತಿತ್ತು. ಒಂದು ರಾತ್ರಿ ಊಟದ ಹೊತ್ತಿಗೆ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ನನಗೆ ಕಥೆ ಹೇಳಿದಳು. 1775ರ ಏಪ್ರಿಲ್ 18ರ ರಾತ್ರಿ. ಬಾಸ್ಟನ್ನಿನಲ್ಲಿದ್ದ ಬ್ರಿಟಿಷ್ ಸೈನಿಕರು ಕಾಂಕರ್ಡ್ ಎಂಬ ಊರಿನಲ್ಲಿ ಬಚ್ಚಿಟ್ಟಿದ್ದ ಮದ್ದುಗುಂಡು ವಶಪಡಿಸಿಕೊಳ್ಳಲು ಹೊರಟಿದ್ದಾರೆ. ನೆಲದ ದಾರಿಯಲ್ಲಿ ಹೋಗುತ್ತಾರೋ, ದೋಣಿಯಲ್ಲಿ ನದಿ ದಾಟುತ್ತಾರೋ? ಆಚೆ ದಡದ ಚಾರ್ಲ್ಸ್‌ಟೌನ್‌ನವರಿಗೆ ಇದು ತಿಳಿಯಬೇಕು. ಊರಿನ ಎತ್ತರದ ಚರ್ಚಿನ ಗೋಪುರದಲ್ಲಿ ಒಂದು ಲಾಟೀನು ಕಂಡರೆ ನೆಲದ ದಾರಿ, ಎರಡು ಕಂಡರೆ ನೀರಿನ ದಾರಿ. ಚರ್ಚಿನ ಪರಿಚಾರಕ ರಾಬರ್ಟ್ ನ್ಯೂಮನ್ ಎಂಬ ಯುವಕ ಕತ್ತಲಲ್ಲಿ ಗೋಪುರ ಹತ್ತಿ ಎರಡು ಲಾಟೀನು ತೋರಿಸಿದ. ಒಂದು ನಿಮಿಷವೂ ಇರಲಿಲ್ಲವಂತೆ. ಮರುದಿನ ಬೆಳಿಗ್ಗೆ ಯುದ್ಧ ಶುರು.

“ಪಾಲ್ ರಿವಿಯರ್ ಆ ದೀಪ ನೋಡಿ ಕುದುರೆ ಹತ್ತಿದ ಅಲ್ಲವೇ?” ಎಂದೆ. ಕಾಲೇಜಿನಲ್ಲಿದ್ದಾಗ ಲಾಂಗ್‌ಫೆಲೋ ಕವಿಯ ಪದ್ಯ ಓದಿದ್ದ ನೆನಪು.

“ನೋ ತಾತಾ! ದೀಪ ಇಡಿಸಿದ್ದೇ ಅವನು. ಅವನು ಸಿಕ್ಕಿಬಿದ್ದರೂ ಸುದ್ದಿ ಹೋಗಲಿ ಅಂತ.”

ಅವಳು ಹೇಳಿದ್ದೇ ಸರಿ. ಪದ್ಯದಲ್ಲಿ ಕವಿ ಸ್ವಲ್ಪ ಬದಲಾಯಿಸಿಕೊಂಡಿದ್ದಾನೆ. ಅಂತೂ ಆ ಚರ್ಚು ನೋಡಬೇಕೆಂದು ಅವಳ ಹಟ. ಅಕ್ಟೋಬರ್ ಕೊನೆಯ ಭಾನುವಾರ ಹೊರಟೆವು.

ಆರೆಂಜ್ ಲೈನ್ ರೈಲಿನಲ್ಲಿ ಹೇಮಾರ್ಕೆಟ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಹತ್ತು ನಿಮಿಷ ನಡಿಗೆ. ಬಾಸ್ಟನ್ನಿನಲ್ಲಿ ದಾರಿ ತಪ್ಪುವ ಭಯವಿಲ್ಲ. ಇತಿಹಾಸದ ಜಾಗಗಳನ್ನೆಲ್ಲ ಪೋಣಿಸಿದಂತೆ ಕಾಲುದಾರಿಯಲ್ಲಿ ಕೆಂಪು ಇಟ್ಟಿಗೆಯ ಒಂದು ಗೆರೆ ಎಳೆದಿದ್ದಾರೆ. ಅದರ ಹೆಸರು ಫ್ರೀಡಂ ಟ್ರೇಲ್. ಎರಡೂವರೆ ಮೈಲಿ ಉದ್ದ, ಹದಿನಾರು ಜಾಗಗಳು. ಮೊಮ್ಮಗಳು ಆ ಗೆರೆಯ ಮೇಲೆಯೇ ಹಗ್ಗದ ಮೇಲೆ ನಡೆಯುವ ದೊಂಬರಾಟದವಳ ಹಾಗೆ ಕೈ ಚಾಚಿ ನಡೆದಳು. ನಾರ್ತ್ ಎಂಡ್ ಎಂಬ ಆ ಬಡಾವಣೆ ಇಟಲಿಯಿಂದ ಬಂದವರದು. ಓಣಿಗಳು ನಮ್ಮ ಹಳೇ ಪೇಟೆಯ ಹಾಗೆ ಕಿರಿದು. ಬೇಕರಿಗಳ ಮುಂದೆ ಬೆಳಿಗ್ಗೆಯೇ ಸಾಲು. ಸೇಲಂ ರಸ್ತೆಯ ಕೊನೆಯ ಹತ್ತಿರ ಹೋದಾಗ ಕೆಂಪಿಟ್ಟಿಗೆಯ ಕಟ್ಟಡ, ಅದರ ಮೇಲೆ ಬಿಳಿಯ ಚೂಪು ಗೋಪುರ ಕಂಡವು. ಓಲ್ಡ್ ನಾರ್ತ್ ಚರ್ಚ್. ಅಧಿಕೃತ ಹೆಸರು ಕ್ರೈಸ್ಟ್ ಚರ್ಚ್. ಕಟ್ಟಿದ್ದು 1723ರಲ್ಲಿ. ಬಾಸ್ಟನ್ನಿನಲ್ಲಿ ಈಗ ಉಳಿದಿರುವ ಚರ್ಚು ಕಟ್ಟಡಗಳಲ್ಲಿ ಇದೇ ಅತ್ಯಂತ ಹಳೆಯದು. ಗೋಪುರ ಮಾತ್ರ ಎರಡು ಸಲ, 1804ರಲ್ಲಿ ಮತ್ತು 1954ರಲ್ಲಿ, ಬಿರುಗಾಳಿಗೆ ಬಿದ್ದು ಮತ್ತೆ ಎದ್ದದ್ದು.

ಬಾಗಿಲಲ್ಲಿ ನನ್ನದೇ ವಯಸ್ಸಿನ ಒಬ್ಬರು ಕೋಟು ಹಾಕಿಕೊಂಡು ಕೈಯಲ್ಲಿ ಕಾಗದದ ಕಟ್ಟು ಹಿಡಿದು ನಿಂತಿದ್ದರು. ನಾನು ಪರ್ಸು ತೆಗೆದು “ಎರಡು ಟಿಕೆಟ್, ಒಂದು ದೊಡ್ಡವರದು, ಒಂದು ಮಗುವಿನದು” ಎಂದೆ.

ಅವರು ನಕ್ಕರು. “ಈಗ ಆರಾಧನೆ ಶುರುವಾಗುತ್ತದೆ. ಅದಕ್ಕೆ ಟಿಕೆಟ್ ಇಲ್ಲ. ಒಳಗೆ ಬನ್ನಿ.”

ನಾನು ಹಿಂದೆ ಸರಿದೆ. ನಾವು ಹಿಂದೂಗಳು, ಸುಮ್ಮನೆ ಕಟ್ಟಡ ನೋಡಲು ಬಂದವರು, ಮುಗಿಯುವವರೆಗೆ ಹೊರಗೆ ಕಾಯುತ್ತೇವೆ ಎಂದೆ. ಅವರು ಆ ಕಾಗದಗಳಲ್ಲಿ ಎರಡನ್ನು ತೆಗೆದು, ಒಂದನ್ನು ನನಗೂ ಒಂದನ್ನು ಮೊಮ್ಮಗಳಿಗೂ ಕೊಟ್ಟು, “ಇವತ್ತು ನೀವು ನಮ್ಮ ಅತಿಥಿಗಳು. ಎಲ್ಲಿ ಕುಳಿತುಕೊಳ್ಳಲು ಇಷ್ಟ?” ಎಂದು ಕೇಳಿದರು. ಪ್ರಶ್ನೆ ಕೇಳಿದ್ದು ನನ್ನನ್ನಲ್ಲ, ಬಗ್ಗಿ ಅವಳನ್ನು. ಅವಳಾಗಲೇ ಒಳಗೆ ಕಾಲಿಟ್ಟಿದ್ದಳು.

ನನ್ನನ್ನು ಚರ್ಚಿಗೆ ಕರೆದವರಲ್ಲಿ ಅವರು ಮೊದಲಿಗರಲ್ಲ. ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

1981ರಿಂದ 1992ರವರೆಗೆ ನಾನು ಗದಗ-ಬೆಟಗೇರಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಶಾಖೆಯ ದಫ್ತರಿ ಕ್ರೈಸ್ತರು, ಸಿ.ಎಸ್.ಐ. ಸಭೆಯವರು. ದಫ್ತರಿಯ ಕೆಲಸ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ದಿನದ ವೋಚರುಗಳನ್ನೆಲ್ಲ ಜೋಡಿಸಿ, ದಬ್ಬಣದಿಂದ ತೂತು ಮಾಡಿ, ದಾರದಲ್ಲಿ ಹೊಲಿದು ಕಟ್ಟು ಮಾಡುವುದು. ಅವರು ಹೊಲಿದ ಕಟ್ಟಿನಿಂದ ಒಂದು ಚೀಟಿ ಜಾರಿದ್ದನ್ನು ನಾನು ಹನ್ನೊಂದು ವರ್ಷದಲ್ಲಿ ನೋಡಲಿಲ್ಲ. ಪ್ರತಿ ಡಿಸೆಂಬರ್‌ನಲ್ಲಿ ಅವರು ನನ್ನ ಮೇಜಿನ ಬಳಿ ಬಂದು, “ಸರ, ಈ ಸಲನಾದ್ರೂ ಕ್ರಿಸ್‌ಮಸ್ಸಿಗೆ ನಮ್ಮ ಚರ್ಚಿಗೆ ಬರ್ರಿ. ಮುಗಿಸ್ಕೊಂಡು ಮನಿಗೆ ಊಟಕ್ಕ ಹೋಗೂಣು” ಎನ್ನುತ್ತಿದ್ದರು.

ಆಗ ಬ್ಯಾಂಕುಗಳ ಲೆಕ್ಕದ ವರ್ಷ ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. “ಕ್ಲೋಸಿಂಗ್ ಮಾರಾಯ್ರೇ, ತಲೆ ಎತ್ತಲು ಪುರಸೊತ್ತಿಲ್ಲ” ಎನ್ನುತ್ತಿದ್ದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಕ್ರಿಸ್‌ಮಸ್ ದಿನ ಬ್ಯಾಂಕಿಗೆ ರಜೆ ಎಂಬುದು ಇಬ್ಬರಿಗೂ ಗೊತ್ತಿತ್ತು. 1989ರಲ್ಲಿ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಹೋಯಿತು. ನನ್ನ ನೆಪವೂ ಅದರೊಂದಿಗೆ ಹೋಯಿತು. ಆದರೂ ನಾನು ಹೋಗಲಿಲ್ಲ. ದ್ವೇಷವೇನೂ ಇರಲಿಲ್ಲ. ಹೋದರೆ ಎಲ್ಲಿ ನಿಲ್ಲಬೇಕು, ಯಾವಾಗ ಕೈಮುಗಿಯಬೇಕು, ಏನಾದರೂ ಬಾಯಿಗೆ ಹಾಕುತ್ತಾರೋ, ಅಮ್ಮನಿಗೆ ಗೊತ್ತಾದರೆ ಏನನ್ನುತ್ತಾರೋ, ಇಂಥ ಸಣ್ಣಪುಟ್ಟ ಅಂಜಿಕೆಗಳು. ಹಬ್ಬದ ಮರುದಿನ ಅವರು ಒಂದು ಡಬ್ಬಿಯಲ್ಲಿ ಕೇಕು, ಕುಲ್ಕುಲ್ ತಂದು ಮೇಜಿನ ಮೇಲಿಡುತ್ತಿದ್ದರು. ಕೇಕಿಗೆ ಮೊಟ್ಟೆ ಹಾಕಿರುತ್ತಾರೆಂದು ನಾನು ಅದನ್ನು ಪಕ್ಕದ ಮನೆಯ ಹುಡುಗರಿಗೆ ಕೊಟ್ಟು, ಡಬ್ಬಿ ವಾಪಸು ಮಾಡುವಾಗ “ಬಹಳ ಚೆನ್ನಾಗಿತ್ತು” ಎನ್ನುತ್ತಿದ್ದೆ. ಹನ್ನೊಂದು ಡಬ್ಬಿ, ಹನ್ನೊಂದು ಸುಳ್ಳು. ಲೆಕ್ಕ ಬರೆದವನಿಗೆ ಇಂಥ ಲೆಕ್ಕ ಮರೆಯುವುದಿಲ್ಲ.

ಇಷ್ಟನ್ನು ಎದೆಯಲ್ಲಿಟ್ಟುಕೊಂಡು ಓಲ್ಡ್ ನಾರ್ತ್ ಚರ್ಚಿನ ಹೊಸ್ತಿಲು ದಾಟಿದೆ.

ಒಳಗೆಲ್ಲ ಬಿಳಿ. ಬಣ್ಣದ ಗಾಜಿಲ್ಲದ ಎತ್ತರದ ಕಿಟಕಿಗಳಿಂದ ಬೆಳಕು ನೇರವಾಗಿ ಬೀಳುತ್ತದೆ. ಹಿತ್ತಾಳೆಯ ಗೊಂಚಲು ದೀಪಗಳು ತೂಗುತ್ತಿವೆ. ನಾನು ಸಿನಿಮಾದಲ್ಲಿ ನೋಡಿದಂತೆ ಸಾಲು ಬೆಂಚುಗಳು ಇಲ್ಲಿ ಇಲ್ಲ. ಎದೆಯೆತ್ತರದ ಮರದ ಗೋಡೆ, ಅದಕ್ಕೊಂದು ಪುಟ್ಟ ಬಾಗಿಲು, ಒಳಗೆ ಸುತ್ತ ಬೆಂಚು. ಹೀಗೆ ಡಬ್ಬಿ ಡಬ್ಬಿಗಳಂತೆ ನೆಲವೆಲ್ಲ ತುಂಬಿದೆ. ಇದಕ್ಕೆ ಬಾಕ್ಸ್ ಪ್ಯೂ ಎಂದು ಹೆಸರು. ಬಾಸ್ಟನ್ನಿನ ಚಳಿಗಾಲದಲ್ಲಿ ಚರ್ಚಿಗೆ ಒಲೆಯಿರದ ಕಾಲ. ಮನೆಯಿಂದ ಕೆಂಡ ತುಂಬಿದ ಪೆಟ್ಟಿಗೆ ತಂದು ಕಾಲಡಿಗೆ ಇಟ್ಟುಕೊಳ್ಳುತ್ತಿದ್ದರು. ಆ ಬಿಸಿ ಹೊರಗೆ ಹೋಗದಿರಲಿ ಎಂದು ಈ ಗೋಡೆ. ನಡುವೆ ಒಂದು ಕಾಲದಲ್ಲಿ ಇವನ್ನು ಕಿತ್ತು ಸಾದಾ ಬೆಂಚು ಹಾಕಿದ್ದರು. 1912ರ ಜೀರ್ಣೋದ್ಧಾರದಲ್ಲಿ ಮೊದಲಿನಂತೆಯೇ ಮಾಡಿದರು.

ಬಾಗಿಲುಗಳ ಮೇಲೆ ಹಿತ್ತಾಳೆ ಫಲಕ, ಅದರಲ್ಲಿ ನಂಬರು, ಯಜಮಾನನ ಹೆಸರು. ನೋಡಿದೊಡನೆ ನನಗೆ ಸೇಫ್ ಡಿಪಾಸಿಟ್ ಲಾಕರಿನ ಕೋಣೆ ನೆನಪಾಯಿತು. ಹೋಲಿಕೆ ತಪ್ಪೇನಲ್ಲ. ಆ ಕಾಲದಲ್ಲಿ ಪ್ಯೂ ಎಂದರೆ ಹಣ ಕೊಟ್ಟು ಕೊಳ್ಳುವ ಆಸ್ತಿ. ಮುಂದಿನದಕ್ಕೆ ಹೆಚ್ಚು ಬೆಲೆ, ಹಿಂದಿನದಕ್ಕೆ ಕಡಿಮೆ. ಕೊಂಡವನು ಬಾಗಿಲು ಹಾಕಿಕೊಂಡು ಕೂರುತ್ತಿದ್ದ. ಅತಿಥಿಗಳಿಗೆಂದೂ ಒಂದು ಪ್ಯೂ ಇತ್ತು. ಆದರೆ ಎಂಥ ಅತಿಥಿಗಳು? ಹೊಂಡುರಾಸ್ ಕೊಲ್ಲಿಯಿಂದ ಬರುವ ವ್ಯಾಪಾರಿಗಳು. ಬಟ್ಟೆಗೆ ಬಣ್ಣ ಹಾಕುವ ಲಾಗ್‌ವುಡ್ ಎಂಬ ಬೆಲೆಬಾಳುವ ಮರವನ್ನು ಅವರು ಚರ್ಚಿಗೆ ದಾನ ಮಾಡಿದ್ದರು. ಅದಕ್ಕೆ ಪ್ರತಿಯಾಗಿ 1727ರಲ್ಲಿ ಅವರಿಗೊಂದು ಖಾಸಾ ಪ್ಯೂ. ಹೆಸರು ಈಗಲೂ ಅದರ ಮೇಲಿದೆ. ವಿಶೇಷ ದರ್ಶನದ ಪಾಸು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ! ಆ ಮರ ಕಡಿದದ್ದು ಮಾತ್ರ ವ್ಯಾಪಾರಿಗಳಲ್ಲ, ಗುಲಾಮರು.

ಕುತ್ತಿಗೆ ಎತ್ತಿದರೆ ಮೂರೂ ಕಡೆ ಉಪ್ಪರಿಗೆ. ಪ್ಯೂ ಕೊಳ್ಳಲಾಗದ ಬಡವರು, ಕಪ್ಪು ಜನ, ಅವರಲ್ಲಿ ಗುಲಾಮರೂ ಸ್ವತಂತ್ರರೂ, ಅಲ್ಲಿ ಕೂರಬೇಕಿತ್ತು. ಇಲ್ಲಿಯ ಮೊದಲ ಪಾದ್ರಿಯೇ ಗುಲಾಮರನ್ನು ಇಟ್ಟುಕೊಂಡಿದ್ದರು. ಲಾಟೀನು ಹಚ್ಚಿ ಸ್ವಾತಂತ್ರ್ಯ ತಂದ ಚರ್ಚು ಎಂದು ಹೆಮ್ಮೆಪಡುವ ಜನ ಇದನ್ನೂ ಮುಚ್ಚಿಡದೆ, ಉಪ್ಪರಿಗೆಯಲ್ಲಿ ಕೂತವರು ಯಾರು, ಅವರ ಹೆಸರೇನು ಎಂದು ಹಳೆಯ ದಫ್ತರಗಳನ್ನು ಹುಡುಕುತ್ತಿದ್ದಾರೆ. ಅದು ನನಗೆ ಹಿಡಿಸಿತು. ಆರ್ಗನ್ ವಾದ್ಯದ ಮುಂದೆ ನಾಲ್ಕು ಮರದ ದೇವದೂತರು ನಿಂತಿದ್ದಾರೆ. ಅವರೂ ಕೊಂಡು ತಂದವರಲ್ಲ. 1746ರಲ್ಲಿ ಈ ಸಭೆಯ ಒಬ್ಬ ಕಪ್ತಾನ ಫ್ರೆಂಚ್ ಹಡಗಿನಿಂದ ಕಿತ್ತು ತಂದು ದೇವರಿಗೆ ಒಪ್ಪಿಸಿದ್ದು. ಕದ್ದ ಮಾಲು ಇಷ್ಟು ಸೌಮ್ಯವಾಗಿ ನಗುವುದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ನಾವು ಬಾಗಿಲು ತೆರೆಯುವುದು ಹೇಗೆಂದು ತಡಕಾಡುತ್ತಿರುವಾಗ ಒಂದು ಪ್ಯೂವಿನ ಒಳಗಿನಿಂದ ಬೆಳ್ಳಿಕೂದಲಿನ ಹೆಂಗಸೊಬ್ಬರು ಎದ್ದು ಚಿಲಕ ಸರಿಸಿ, ಜರುಗಿ ಕೂತು, ಜಾಗ ತೋರಿಸಿದರು. ಮೊಮ್ಮಗಳು ಅವರ ಎದುರಿಗೆ ಕೂತಳು. ಅವಳ ತಲೆ ಗೋಡೆಯ ಮೇಲೆ ಕಾಣುತ್ತಿರಲಿಲ್ಲ. ಅದೇ ಅವಳಿಗೆ ಮಜ.

ಈ ಎಪಿಸ್ಕೋಪಲ್ ಚರ್ಚಿನ ಬಗ್ಗೆ ಎರಡು ಮಾತು. ಇವರು ಮೂಲತಃ ಇಂಗ್ಲೆಂಡಿನ ಆಂಗ್ಲಿಕನ್ ಪಂಥದವರು. ಅಲ್ಲಿ ಪಾದ್ರಿಗಳು ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಅಮೆರಿಕ ಸ್ವತಂತ್ರವಾದ ಮೇಲೆ ಅದು ಹೇಗಾದೀತು? ಹಾಗಾಗಿ 1789ರಲ್ಲಿ ಬೇರೆ ಸಂಸ್ಥೆ ಮಾಡಿಕೊಂಡರು. ಎಪಿಸ್ಕೋಪಲ್ ಎಂದರೆ ಬಿಷಪ್ಪರ ಆಡಳಿತ ಇರುವ ಸಭೆ ಎಂದಷ್ಟೇ ಅರ್ಥ. ತಮಾಷೆಯೆಂದರೆ, ಲಾಟೀನು ಹಚ್ಚಿದ ಈ ಚರ್ಚಿನಲ್ಲಿ ಆಗ ರಾಜನ ಪಕ್ಷದವರೇ ಬಹಳ ಜನ ಇದ್ದರು.

ಮೇಲೆ ಗಂಟೆ ಬಾರಿಸಿತು. ಆ ಗೋಪುರದಲ್ಲಿರುವ ಎಂಟು ಗಂಟೆಗಳು 1744ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಎರಕ ಹೊಯ್ದವು. ಪಾಲ್ ರಿವಿಯರ್ ಸುಮಾರು ಹದಿನೈದು ವರ್ಷದ ಹುಡುಗನಾಗಿದ್ದಾಗ ಗೆಳೆಯರ ಜತೆ ಕರಾರು ಬರೆದು ಸಹಿ ಹಾಕಿ ಇಲ್ಲಿ ಗಂಟೆ ಬಾರಿಸುವ ಕೆಲಸ ಮಾಡುತ್ತಿದ್ದ. ಇದನ್ನು ಕೇಳಿ ಮೊಮ್ಮಗಳು ತಾನೂ ಯಾವುದಾದರೂ ಕೆಲಸಕ್ಕೆ ಕರಾರು ಬರೆಯುತ್ತೇನೆಂದು ಹಟ ಹಿಡಿದಿದ್ದಾಳೆ. ತಮ್ಮನ ತೊಟ್ಟಿಲು ತೂಗುವುದಕ್ಕೆ, ಗಂಟೆಗೆ ಒಂದು ಡಾಲರಿನಂತೆ.

ಆರಾಧನೆ ನಡೆಸಿಕೊಟ್ಟವರು ಒಬ್ಬ ಹೆಂಗಸು. ಈ ಸಭೆಯಲ್ಲಿ ಹೆಂಗಸರು ಪಾದ್ರಿಗಳಾಗಬಹುದೆಂದು 1976ರಲ್ಲಿ ತೀರ್ಮಾನವಾಯಿತು. ಇಡೀ ಜಗತ್ತಿನ ಆಂಗ್ಲಿಕನ್ ಪರಂಪರೆಯಲ್ಲಿ ಮೊದಲ ಮಹಿಳಾ ಬಿಷಪ್ ಆದದ್ದೂ ಇದೇ ಬಾಸ್ಟನ್ನಿನಲ್ಲಿ, 1989ರ ಫೆಬ್ರವರಿಯಲ್ಲಿ. ಅವರ ಹೆಸರು ಬಾರ್ಬರಾ ಹ್ಯಾರಿಸ್. ಕಪ್ಪು ಹೆಂಗಸು. ಉಪ್ಪರಿಗೆ ನೋಡಿದ ಮೇಲೆ ಈ ವಿಷಯ ತಿಳಿದರೆ ಅದರ ತೂಕವೇ ಬೇರೆ.

ನನ್ನ ಹಳೆಯ ಅಂಜಿಕೆಗಳೆಲ್ಲ ಸರದಿಯಲ್ಲಿ ಬಂದವು. ಯಾವಾಗ ಏಳಬೇಕು? ಬೆಳ್ಳಿಕೂದಲಿನವರು ಕೈಯಲ್ಲಿದ್ದ ಕಾಗದ ತೋರಿಸಿದರು. ನಿಲ್ಲುವುದು, ಕೂರುವುದು, ಹಾಡಿನ ಪುಸ್ತಕದ ನಂಬರು, ಪ್ರಾರ್ಥನೆ ಪುಸ್ತಕದ ಪುಟ, ಎಲ್ಲ ಅದರಲ್ಲಿ ಅಚ್ಚಾಗಿತ್ತು. ಬ್ಯಾಂಕಿನ ಚಲನ್ನು ತುಂಬಲು ಮೇಲೆ ಸೂಚನೆ ಇರುವುದಿಲ್ಲವೇ, ಹಾಗೆ. ಮಂಡಿಯೂರಲು ಮೆತ್ತೆಗಳಿದ್ದವು. ನನ್ನ ಮಂಡಿ ಒಪ್ಪುವುದಿಲ್ಲವೆಂದು ಸನ್ನೆ ಮಾಡಿದೆ. “ನನ್ನದೂ” ಎಂದು ಅವರೂ ಸನ್ನೆ ಮಾಡಿದರು. ಇಬ್ಬರೂ ಕೂತೇ ಇದ್ದೆವು. ಪ್ರವಚನದಲ್ಲಿ ಅರ್ಧ ಅರ್ಥವಾಯಿತು, ಅರ್ಧ ಉಚ್ಚಾರಣೆಯಲ್ಲಿ ಹೋಯಿತು.

ಆಮೇಲೆ ಪಾದ್ರಿಯವರು ಕೈ ಅಗಲಿಸಿ ನಿಮ್ಮೆಲ್ಲರಿಗೂ ಶಾಂತಿ ಇರಲಿ ಎಂದರು. ಅಷ್ಟೇ ತಡ, ಎಲ್ಲ ಪ್ಯೂಗಳ ಬಾಗಿಲುಗಳೂ ಪಟಪಟನೆ ತೆರೆದವು! ಅಲ್ಲಿಯವರೆಗೆ ಡಬ್ಬಿಗಳಲ್ಲಿ ಗಂಭೀರವಾಗಿ ಕೂತಿದ್ದ ಜನರೆಲ್ಲ ನಡುದಾರಿಗೆ ಬಂದು ಒಬ್ಬರಿಗೊಬ್ಬರು ಕೈಕೊಡತೊಡಗಿದರು. ಬಾಗಿಲಲ್ಲಿದ್ದ ಕೋಟಿನವರು ಹುಡುಕಿಕೊಂಡು ಬಂದು ಕೈಹಿಡಿದರು. ಗಾಲಿಕುರ್ಚಿಯಲ್ಲಿದ್ದ ಒಬ್ಬ ಯುವಕ, ಹಸುಗೂಸನ್ನು ಎದೆಗೆ ಕಟ್ಟಿಕೊಂಡಿದ್ದ ತಂದೆ, ಟೋಪಿ ಹಾಕಿದ ಅಜ್ಜಿ, ಎಲ್ಲರೂ ಅದೇ ಮಾತು ಹೇಳಿ ಕೈ ಕುಲುಕಿದರು. ಮೂರು ತಿಂಗಳಿಂದ ಅಮೆರಿಕದಲ್ಲಿದ್ದೆ. ಮಗಳ ಮನೆಯವರನ್ನು ಬಿಟ್ಟರೆ ಒಬ್ಬ ಮನುಷ್ಯನೂ ನನ್ನನ್ನು ಮುಟ್ಟಿರಲಿಲ್ಲ ಎಂಬುದು ಆ ಕ್ಷಣದಲ್ಲಿ ಹೊಳೆಯಿತು. ಪಾರ್ಕಿನಲ್ಲಿ ಹಾಯ್ ಎಂದು ದಾಟಿಹೋಗುವವರೇ ಎಲ್ಲ. ಮೊಮ್ಮಗಳು ಯಾವುದೋ ಪರೀಕ್ಷೆಯಲ್ಲಿ ಅಂಕ ಕೂಡಿಸುವಂತೆ “ಟ್ವೆಂಟಿ ತ್ರೀ ಪೀಪಲ್, ತಾತಾ” ಎಂದು ಲೆಕ್ಕ ಒಪ್ಪಿಸಿದಳು.

ಕಾಣಿಕೆಯ ತಟ್ಟೆ ಬಂತು. ಅತಿಥಿಗಳು ಕೊಡಲೇಬೇಕೆಂದಿಲ್ಲ ಎಂದರು. ಮಂಗಳಾರತಿ ತಟ್ಟೆ ಬರಿದೆ ಕಳಿಸಿ ಅಭ್ಯಾಸವಿಲ್ಲದ್ದರಿಂದ ಐದು ಡಾಲರ್ ಹಾಕಿದೆ. ಹಾಕಿದ ಮೇಲೆ ರೂಪಾಯಿಗೆ ಗುಣಿಸಿದೆ. ಈ ಚಟ ಹೋಗುವುದಿಲ್ಲ.

ಕೊನೆಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ಸಂಸ್ಕಾರ. ನನ್ನ ನಿಜವಾದ ಹೆದರಿಕೆ ಇದೇ. ನಲವತ್ತು ವರ್ಷದ ಹಿಂದೆ ಹೋಗದಿದ್ದುದಕ್ಕೂ ಮುಖ್ಯ ಕಾರಣ ಇದೇ ಇರಬೇಕು. ಆದರೆ ಇದಕ್ಕೂ ಒಂದು ದಾರಿ ಇತ್ತು. ಅದು ದೀಕ್ಷಾಸ್ನಾನ ಆದವರಿಗೆ. ಉಳಿದವರು ಕೂತಲ್ಲೇ ಇರಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅಥವಾ ಮುಂದೆ ಹೋಗಿ ಎರಡು ಕೈಗಳನ್ನು ಎದೆಯ ಮೇಲೆ ಕತ್ತರಿಯಂತೆ ಇಟ್ಟುಕೊಂಡರೆ ರೊಟ್ಟಿ ಕೊಡದೆ ಆಶೀರ್ವಾದ ಮಾಡುತ್ತಾರೆ. ಬೇಡ ಎನ್ನಲು ಬಾಯಿ ಬಿಡಬೇಕಾಗಿಲ್ಲ, ಹೊರಗೆ ನಿಲ್ಲಬೇಕಾಗಿಯೂ ಇಲ್ಲ. ಮೊಮ್ಮಗಳು ಕೈಕಟ್ಟಿ ಆಗಲೇ ಸಾಲಿನಲ್ಲಿದ್ದಳು. ಹಿಂದೆಯೇ ನಾನು.

ಪಾದ್ರಿಯವರು ಮೊದಲು ಅವಳ ತಲೆಯ ಮೇಲೆ, ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಏನೋ ಹೇಳಿದರು. ಅವರ ವಯಸ್ಸು ನನ್ನ ಮಗಳಷ್ಟಿರಬಹುದು. ನನ್ನ ತಲೆಯ ಮೇಲೆ ಕೊನೆಯದಾಗಿ ಕೈಯಿಟ್ಟವರು ಅಮ್ಮ. ಅವರು ಹೋಗಿ ಇಪ್ಪತ್ತಾರು ವರ್ಷ. ಎಪ್ಪತ್ತು ದಾಟಿದವನ ಕಾಲಿಗೆ ಎಲ್ಲರೂ ಬೀಳುತ್ತಾರೆ, ತಲೆ ಮುಟ್ಟುವವರು ಇರುವುದಿಲ್ಲ. ಕಣ್ಣೊರೆಸಿಕೊಳ್ಳುತ್ತ ಬಂದು ಕೂತೆ. ಚಿಲಕ ಹಾಕುವುದು ಮರೆತೆ.

ಮುಗಿದ ಮೇಲೆ ಕಾಫಿ. ಇದೂ ಆರಾಧನೆಯ ಒಂದು ಭಾಗವೋ ಎಂಬಷ್ಟು ಶ್ರದ್ಧೆಯಿಂದ ಮಾಡುತ್ತಾರೆ. ಕಾಫಿಯ ಬಗ್ಗೆ ಹೆಚ್ಚು ಹೇಳಲಾರೆ. ಕರ್ನಾಟಕದಿಂದ ಬಂದವನು ಅದನ್ನು ಬಿಸಿನೀರೆಂದು ತಿಳಿದು ಕುಡಿಯಬೇಕು. ಎದೆಗೆ ಹೆಸರಿನ ಚೀಟಿ ಅಂಟಿಸಿದರು. ನನ್ನ ಉದ್ದದ ಹೆಸರನ್ನು ಚಿಕ್ಕದು ಮಾಡದೆ, ಒಂದೊಂದೇ ಅಕ್ಷರ ಕೇಳಿ ಪೂರ್ತಿ ಬರೆದರು. ಅತಿಥಿಗಳ ಪುಸ್ತಕದಲ್ಲಿ ಊರು ಮೈಸೂರು ಎಂದು ಮುತ್ತಿನಂಥ ಅಕ್ಷರದಲ್ಲಿ ತುಂಬಿದೆ, ಅಭ್ಯಾಸ ಬಲ. ಮಕ್ಕಳೊಂದಿಗೆ ಮೊಮ್ಮಗಳು ಅಂಗಳಕ್ಕೆ ಓಡಿದಳು. ಅಲ್ಲೊಂದು ಸಣ್ಣ ತೋಟದಲ್ಲಿ ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಸತ್ತ ಸೈನಿಕರ ನೆನಪಿಗೆ ಲೋಹದ ಬಿಲ್ಲೆಗಳನ್ನು ತೂಗುಹಾಕಿದ್ದಾರೆ. ಗಾಳಿ ಬಂದಾಗ ಗೆಜ್ಜೆಯಂತೆ ಸದ್ದು. ಅವಳು ಅದರ ಕೆಳಗೆ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು.

ಬೆಳ್ಳಿಕೂದಲಿನವರು ನನ್ನ ಪಕ್ಕದಲ್ಲಿ ಬಂದು ಕೂತರು. ಚರ್ಚುಗಳ ಇತಿಹಾಸ ಪಾಠ ಮಾಡಿ ನಿವೃತ್ತರಾದವರಂತೆ. ದಕ್ಷಿಣ ಭಾರತದವನೆಂದು ಕೇಳಿ, “ಹಾಗಾದರೆ ನಾವು ಕೈಕೊಟ್ಟೆವಲ್ಲ, ಅದಕ್ಕೆ ನಿಮಗೆ ಥ್ಯಾಂಕ್ಸ್ ಹೇಳಬೇಕು” ಎಂದರು. ತಮಾಷೆ ಎಂದುಕೊಂಡೆ. ಅಲ್ಲ. ಮೊದಲ ಕಾಲದ ಕ್ರೈಸ್ತರು ಹೀಗೆ ಒಬ್ಬರಿಂದೊಬ್ಬರಿಗೆ ಶಾಂತಿ ದಾಟಿಸುತ್ತಿದ್ದರು. ಯುರೋಪಿನಲ್ಲಿ ಬರಬರುತ್ತ ಅದು ಕುಗ್ಗಿ, ಬರೀ ಪಾದ್ರಿಗಳ ಬಾಯಿಮಾತಾಗಿ ಉಳಿಯಿತು. ಕೇರಳದ ಸಿರಿಯನ್ ಕ್ರೈಸ್ತರು ಮಾತ್ರ ಕೈಯಿಂದ ಕೈಗೆ ದಾಟಿಸುವುದನ್ನು ಬಿಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಸಭೆಗಳು ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ., ಆಯಿತು. ಆ ಸಭೆ 1950ರಲ್ಲಿ ಹೊಸ ಆರಾಧನಾ ಕ್ರಮ ಮಾಡಿಕೊಂಡಾಗ, ಕೂತ ಎಲ್ಲರೂ ಪಕ್ಕದವರ ಕೈಗಳನ್ನು ತಮ್ಮ ಕೈಗಳ ನಡುವೆ ಹಿಡಿದು ಶಾಂತಿ ದಾಟಿಸುವ ಪದ್ಧತಿಯನ್ನು ಸೇರಿಸಿತು. ಬೇರೆ ದೇಶಗಳ ಸಭೆಗಳು ಅದನ್ನು ನೋಡಿ ಮೆಚ್ಚಿದವು. ಅಮೆರಿಕದವರ 1979ರ ಪ್ರಾರ್ಥನಾ ಪುಸ್ತಕದಲ್ಲಿ ಅದು ಬಂದು ಕೂತಿತು.

ನಾನು ಕಾಫಿಯ ಲೋಟ ಕೆಳಗಿಟ್ಟೆ. ಹಾಗಾದರೆ ಬೆಟಗೇರಿಯಲ್ಲಿ ನಮ್ಮ ದಫ್ತರಿ ಪ್ರತಿ ವರ್ಷ ನನ್ನನ್ನು ಕರೆದದ್ದು ಇದಕ್ಕೇ.

ರಾತ್ರಿ ಒಂಬತ್ತಕ್ಕೆ, ನಮ್ಮಲ್ಲಿ ಸೋಮವಾರ ಬೆಳಿಗ್ಗೆ ಆರೂವರೆ, ನಿವೃತ್ತರ ವಾಟ್ಸ್ಆ್ಯಪ್ ಗುಂಪಿನಿಂದ ನಂಬರು ತೆಗೆದು ಅವರಿಗೆ ಫೋನು ಮಾಡಿದೆ. ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ಮಾತು. ಧ್ವನಿ ಸ್ವಲ್ಪ ನಡುಗುತ್ತಿತ್ತು, ಆದರೆ ಅದೇ ಧ್ವನಿ.

“ಇವತ್ತು ಚರ್ಚಿಗೆ ಹೋಗಿದ್ದೆ” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು. “ಅಲ್ರೀ ಸರ, ನಿಮ್ಮ ಮನಿಯಿಂದ ನಮ್ಮ ಚರ್ಚು ಹತ್ತು ನಿಮಿಷದ ಹಾದಿ ಇತ್ತು. ನೀವು ಅಮೆರಿಕಾಕ್ಕ ಹೋಗಿ ಬಂದ್ರೇನು!”

ಕೇಕಿನ ವಿಷಯವನ್ನೂ ಹೇಳಿಬಿಟ್ಟೆ. ಇನ್ನು ಮುಚ್ಚಿಟ್ಟು ಏನು ಮಾಡಲಿ?

“ಗೊತ್ತಿತ್ರಿ ಸರ. ನಿಮ್ಮ ಬಾಜೂ ಮನಿ ಹುಡುಗೂರು ಹೇಳಿದ್ವು. ಮೂರನೇ ವರ್ಷದಿಂದ ನಿಮ್ಮ ಡಬ್ಬಿದು ಬ್ಯಾರೆ ಮಾಡಸ್ತಿದ್ದೆ, ತತ್ತಿ ಹಾಕದ್ದು. ಹೇಳಿದ್ರ ನಿಮಗ ಸಂಕೋಚ ಆಗತೈತಿ ಅಂತ ಹೇಳ್ಲಿಲ್ಲ.”

ನನಗೆ ಮಾತು ಹೊರಡಲಿಲ್ಲ. ಅವರೇ ಮುಂದುವರಿಸಿದರು. “ಇರ್ಲಿ ಬಿಡ್ರಿ. ಈಗರ ಕ್ಲೋಜಿಂಗ್ ಮುಗೀತೇನ್ರಿ?”

“ಮುಗೀತು” ಎಂದೆ.

ನವೆಂಬರ್ ಕೊನೆಗೆ ನಾವು ಮೈಸೂರಿಗೆ ಬರುತ್ತೇವೆ. ಡಿಸೆಂಬರ್ 23ರ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿಗೆ ಗದಗಿನವರೆಗೆ ಎರಡು ಟಿಕೆಟ್ ಅಳಿಯ ಇಲ್ಲಿಂದಲೇ ತೆಗೆಸಿದ್ದಾನೆ. ಎರಡೂ ಕೆಳಗಿನ ಬರ್ತ್ ಸಿಕ್ಕಿವೆ.